ದಿನಾ ಸಾಯೋ ಬಕೀಟಪ್ಪ

"ಸತ್ತ ನೋಡಬೇ ಗಿರೆವ್ವ," ಅಂದೆ. "ಮತ್ತ ಕೊಂದಿ ಅವನ್ನ."

ಗಿರಿಯಮ್ಮ ಪಂಪಿನ ವೇಗದ ನಾಬಿನ ಮ್ಯಾಲಿನ ಕೈ ತಗೀಲಾರದ ಹಂಗ ನಿಂತಿದ್ಳು. ನಳಿಗ್ಯಾಗ ಗಾಳಿ ಹೊಕ್ಕು ಬಕೀಟಿನ್ಯಾಗ ಗುಳುಗುಳು ಅನ್ನಾಕತ್ತಿತ್ತು. ಓಕುಳಿ ಬಣ್ಣದ ನೀರು ಸಿಡದು ನನ್ನ ಸೀರಿ ನೆರಗಿ ಕೆಂಪಾಗಿತ್ತು. ಸ್ಟೂಲಿನ ಮ್ಯಾಲೆ ಕುಂತಲ್ಲೇ ಕೈ ಚಾಚಿ ಪ್ಲಗ್ ಕಿತ್ತೆ. ಬೈಯಾಕ ಮೈಯಾಗ ತ್ರಾಣ ಇದ್ದಿಲ್ಲ. ಆದ್ರೂ ಬೈದೆ. ಬೈಲಿಲ್ಲಂದ್ರ ನನಗ ಉಂಡಿದ್ದು ಕರಗಂಗಿಲ್ಲ.

ಸತ್ತಾಂವ ಮನಷ್ಯಾ ಅಲ್ರಿ, ಗಾಬರಿ ಆಗಬ್ಯಾಡ್ರಿ. ಅವ ಒಂದು ಪ್ಲಾಸ್ಟಿಕ್ ಬಕೀಟು. ಮುಚ್ಚಳಕ್ಕ ಎರಡು ತೂತು, ಒಂದರಾಗ ಮಷೀನಿಗೆ ಬರೂ ನಳಿಗಿ, ಇನ್ನೊಂದರಾಗ ಮಷೀನಿಂದ ಹೋಗೂ ನಳಿಗಿ. ನಮ್ಮ ಪೇಶಂಟ್ ಅವನ. ಗಿರಿಯಮ್ಮನ ಅವಗ ಬಕೀಟಪ್ಪ ಅಂತ ಹೆಸರಿಟ್ಟಿದ್ಳು. ಹೆಸರಿಟ್ಟಾಕಿನ ದಿನಾ ಕೊಲ್ಲಾಕತ್ತಿದ್ಳು.

ನಾ ಶೇಖರಮ್ಮ, ಊರು ಮಸ್ಕಿ. ಹೈದರಾಬಾದಿನ ಒಂದು ದೊಡ್ಡ ದವಾಖಾನ್ಯಾಗ ನರ್ಸ್ ಅಂತ ಸೇರಿ, ಹಾರ್ಟ್ ಲಂಗ್ ಮಷೀನ್ ನಡಸೂದು ಕಲತು, ಅರ್ಧ ಆಯುಷ್ಯ ಅದರ ಮುಂದನ ನಿಂತಾಕಿ. ಎದಿ ತಗದು ಗುಂಡಿಗಿ ರಿಪೇರಿ ಮಾಡುಮುಂದ ಅದನ್ನ ನಿಲ್ಲಿಸಬೇಕಾಗ್ತೈತಿ. ಅಷ್ಟೊತ್ತು ಗುಂಡಿಗಿ ಕೆಲಸ, ಪುಪ್ಪುಸದ ಕೆಲಸ ಎರಡೂ ಈ ಮಷೀನಿಂದು. ಮೈಯಾಗಿನ ರಕ್ತ ನಳಿಗ್ಯಾಗ ಇಳದು ಒಂದು ಡಬ್ಬಿಗೆ ಬರ್ತೈತಿ, ಅಲ್ಲಿ ಆಕ್ಸಿಜನ್ ಕುಡದು ಕೆಂಪಾಗ್ತೈತಿ, ಪಂಪು ಅದನ್ನ ವಾಪಸ್ ಮೈಯಾಗ ತಳ್ತೈತಿ. ಡಬ್ಬಿ ಖಾಲಿ ಆತಂದ್ರ ಪಂಪು ರಕ್ತದ ಬದಲಿ ಗಾಳಿ ತಳ್ತೈತಿ. ಆ ಗಾಳಿ ಮಿದುಳಿಗೆ ಹೋತಂದ್ರ ಕಥಿ ಮುಗೀತು. ಅದಕ್ಕ ಡಬ್ಬ್ಯಾಗಿನ ಮಟ್ಟ ಇಳಿಯಾಕತ್ತಿದ ಕೂಡ್ಲೆ ಪಂಪಿನ ವೇಗ ಇಳಸಬೇಕು, ಹೋಗೂ ನಳಿಗಿಗೆ ಚಿಮಟಾ ಹಾಕಿ ಬಂದ್ ಮಾಡಬೇಕು, ಡಾಕ್ಟರಿಗೆ ಒದರಿ ಹೇಳಬೇಕು. ಇಷ್ಟ. ಕೇಳಾಕ ಭಾಳ ಸರಳ ಐತಿ.

ನನ್ನ ಬಲಗೈ ನಡುಗಾಕ ಶುರು ಆದಮ್ಯಾಲೆ ಹೈದರಾಬಾದಿನವ್ರು ಶಾಲು ಹೊಚ್ಚಿ ಮನಿಗೆ ಕಳಿಸಿದ್ರು. ಹೋಗ್ಲಿ ಬಿಡು, ಸಾಕಾಗೇತಿ, ಇನ್ನ ಮಸ್ಕ್ಯಾಗ ತಮ್ಮನ ಮನ್ಯಾಗ ಜ್ವಾಳಾ ಹಸನ ಮಾಡ್ಕೊಂತ ಕುಂಡ್ರತೀನಿ ಅಂದ್ಕೊಂಡಿದ್ದೆ. ಎಲ್ಲಿ ಬಿಡ್ತಾರ? ಸಿಂಧನೂರಿನ ರೈಸ್ ಮಿಲ್ಲಿನ ಸಾವ್ಕಾರ ಬಸವಂತರಾಯ ಕಾರ್ ತಗೊಂಡು ಬಾಗಿಲಿಗೆ ಬಂದು ನಿಂತ.

"ಶೇಖರಮ್ಮನೋರ, ರಾಯಚೂರಾಗ ಇಲ್ಲದ್ದು, ಬಳ್ಳಾರ್ಯಾಗ ಇಲ್ಲದ್ದು ನಮ್ಮ ಸಿಂಧನೂರಾಗ ಆಗಬೇಕ್ರಿ," ಅಂದ. "ದವಾಖಾನಿ ಕಟ್ಟೀನಿ. ಮಷೀನ್ ತರ್ಸೀನಿ. ಡಾಕ್ಟರ್ ಸಾಹೇಬ್ರು ತಮ್ಮ ಮಂದೀನ ಕಟ್ಕೊಂಡು ಹೈದರಾಬಾದಿಂದ ಬರ್ತಾರ. ಆದ್ರ ಪಂಪು ನಡಸಾಂವ ಮಾತ್ರ ಅಲ್ಲಿಂದ ಬರಂಗಿಲ್ಲಂತ. ಒಬ್ಬರನ್ನ ತಯಾರ ಮಾಡಿಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು ಅಂತಾರಲ್ಲ, ಹಂಗ. ಆ ದವಾಖಾನ್ಯಾಗ ಲಿಫ್ಟ್ ಇದ್ದಿಲ್ಲ, ಮ್ಯಾಲಿನ ಅಂತಸ್ತಿಗೆ ನೀರು ಏರ್ತಿದ್ದಿಲ್ಲ, ಎಕ್ಸರೇ ತಗಸಾಕ ಬಜಾರಿಗೆ ಹೋಗಬೇಕು. ಆದ್ರ ಗುಂಡಿಗಿ ಆಪರೇಶನ್ ಮಾತ್ರ ಬೇಕು. ಹೇಳಿ ನೋಡಿದೆ. ಎಲ್ಲಾ ಮಾಡಸ್ತೀನಿ ಅಂದ. ಮಾಡ್ಸಿದ್ನೂ ಅನ್ರಿ, ಸುಳ್ಳು ಯಾಕ ಹೇಳ್ಲಿ. ಕೆಟ್ಟಾಂವ ಅಲ್ಲ. ಅವಸರದಾಂವ. ಭತ್ತ ಹಾಕಿ ಅಕ್ಕಿ ತಗದಂಗ ಮುಂಜಾಲೆ ಹಾಕಿದ್ದು ಸಂಜಿಕ ಬರಬೇಕು ಅವಗ.

ಕಲಿಯಾಕ ಬಂದಾಕಿ ಗಿರಿಯಮ್ಮ. ಬಿ.ಎಸ್ಸಿ. ಪಾಸಾಗಿ, ಆಮ್ಯಾಲೆ ನರ್ಸಿಂಗ್ ಮಾಡಿದ್ಳು. ತುರ್ವಿಹಾಳದ ಆಚಿ, ಉಪಕಾಲುವಿ ಕಟ್ಟಕಡೀಗೆ ಅವರ ಹೊಲ. ಹುಡುಗಿ ಶಾಣ್ಯಾ. ನಳಿಗಿ ಜೋಡ್ಸೂದು, ಗಾಳಿ ತಗಿಯೂದು, ಮೀಟರ್ ನೋಡೂದು, ಕರೆಂಟ್ ಹೋದ್ರ ಹ್ಯಾಂಡಲ್ ಹಾಕಿ ಕೈಲೆ ತಿರವೂದು, ಎಲ್ಲಾ ಒಂದೊಂದ ಸಲಕ್ಕ ಕಲತ್ಳು. ಸಿಂಧನೂರಾಗ ಕರೆಂಟ್ ಹೋಗೂದು ನಾ ಬ್ಯಾರೆ ಕಲಿಸಬೇಕಾಗಿದ್ದಿಲ್ಲ, ಕರೆಂಟಿನವ್ರ ದಿನಾ ಕಲಿಸ್ತಿದ್ರು. ಆದ್ರ ಒಂದು ಮಾತ್ರ ಬರವಲ್ದು. ನಾ ಹಿಂದ ನಿಂತು, ಆಕಿಗೆ ತಿಳೀಲಾರದಂಗ ಬರೂ ನಳಿಗಿ ಹಿಚುಕ್ತಿದ್ದೆ. ಡಬ್ಬ್ಯಾಗ ಮಟ್ಟ ಇಳೀತಿತ್ತು. ಮಟ್ಟ ಇಳಿದಿದ್ದು ಆಕಿ ಕಣ್ಣಿಗೆ ಬಿದ್ದ ಕೂಡ್ಲೆ ಆಕಿ ಕೈ ನಾಬಿಗೆ ಹೋಗಿ ಪಂಪು ಏರಸ್ತಿತ್ತು. ಇಳಸಬೇಕಾದಲ್ಲಿ ಏರಸ್ತಿತ್ತು! ಗುಳುಗುಳು. ಸತ್ತ ಬಕೀಟಪ್ಪ.

"ಅಯ್ಯ ನಿನ, ಏನಬೇ ಇದು? ಬಾಯಿಲೆ ಕೇಳಿದ್ರ ಪಟಪಟ ಹೇಳ್ತಿ, ಕೈಲೆ ಯಾಕ ಉಲ್ಟಾ ಮಾಡ್ತಿ? ಕೈ ನಿಂದ ಹೌದಿಲ್ಲೋ?"

"ನಂದ ರಿ ಅಕ್ಕಾರ. ಆದ್ರ ನೀರು ಇಳಿಯೂದು ಕಂಡ್ರ ಅದು ತಾನ ಹೋಗ್ತೈತ್ರಿ."

ನನಗ ತಿಳೀಲಿಲ್ಲ. ಆಕಿನ ತಿಳಿಸಿ ಹೇಳಿದ್ಳು. ಕಾಲುವಿ ತಲಿಗಿದ್ದವರು ಉಂಡು ತೇಗಿ ಬಿಟ್ಟ ನೀರು ಇವರ ಹೊಲಕ್ಕ ಬರ್ತೈತಿ. ಡೀಸೆಲ್ ಇಂಜಿನ್ ಹಚ್ಚಿ ಕಾಲುವ್ಯಾಗಿನ ನೀರು ಎತ್ತಿ ಗದ್ದಿಗೆ ಬಿಡಬೇಕು. ಮ್ಯಾಲೆ ಯಾರರ ಗೇಟು ಇಳಿಸಿದ್ರಂದ್ರ ಕಾಲುವ್ಯಾಗ ನೀರು ಇಳಿಯಾಕ ಹತ್ತತೈತಿ. ಆವಾಗ ಏನ್ ಮಾಡ್ತಾರ? ಇಂಜಿನ್ ರೇಸ್ ಮಾಡ್ತಾರ. ಇದ್ದಷ್ಟು ಬಾಚ್ಕೊಬೇಕು, ಇಲ್ಲಂದ್ರ ಅದೂ ಹೋಗ್ತೈತಿ. ಗಿರಿಯಮ್ಮ ಲಂಗಾ ಹಾಕೊಳ್ಳೂ ವಯಸ್ಸಿನಿಂದ ಆ ಇಂಜಿನ್ ಕಾದಾಕಿ. ನೀರು ಇಳೀತಂದ್ರ ರೇಸ್ ಮಾಡು. ಮೈಯಾಗ ಕುಂತ ಪಾಠ ಅದು. ನಾನು ಬಾಯಿಲೆ ಹೇಳಿದ್ರ ಹೆಂಗ ಬಿಟ್ಟು ಹೋದೀತು?

ನಮ್ಮ ಮಸ್ಕಿ ಒಣಭೂಮಿ, ನಮಗ ಕಾಲುವಿ ಸಂಬಂಧನ ಇಲ್ಲ. ಹೈದರಾಬಾದಿನ್ಯಾಗ ಎಷ್ಟೋ ಮಂದಿಗೆ ಕಲಿಸೀನಿ, ಈ ತಪ್ಪು ಒಬ್ಬರೂ ಮಾಡಿದ್ದಿಲ್ಲ. ಗಾಬರಿ ಆಗಿ ಏನೂ ಮಾಡಲಾರದ ನಿಂದರತಿದ್ರು, ಚಿಮಟಾ ತಪ್ಪು ನಳಿಗಿಗೆ ಹಾಕ್ತಿದ್ರು. ಏರಸೂದು ಮಾತ್ರ ಈಕಿ ಒಬ್ಬಾಕಿನ. ಬೈದೆ, ಕೈ ಮ್ಯಾಲೆ ಹೊಡದೆ, ಕುಂಡ್ರಿಸಿ ಸಮಾಧಾನದಿಂದ ಹೇಳಿದೆ. ಹಳೇ ಮಿಲ್ಲಿನ ಗೋದಾಮಿನ್ಯಾಗ ನಮ್ಮ ಸಾಲಿ. ತೌಡಿನ ವಾಸನಿ, ಮ್ಯಾಲೆ ತಗಡಿನ ಕಾವು, ಬಾಜುಕ ಮಿಲ್ಲಿನ ಸಪ್ಪಳ. ದಿನಾ ಮುಂಜಾಲೆ ಮಸ್ಕಿ ಬಸ್ಸಿಗೆ ಬರೂದು, ಸಂಜಿಕ ಜೋಲಿ ಹೊಡಕೊಂತ ಹೋಗೂದು. ಬಸ್ಸಿನ್ಯಾಗ ಕುಂತ್ರ ಕಣ್ಣು ಮುಚ್ಚಿದ್ರೂ ಮಟ್ಟ ಇಳಿಯೂದ ಕಾಣ್ತಿತ್ತು. ಎಷ್ಟು ಸಾಕಾಗಿತ್ತಂದ್ರ, ಒಮ್ಮೊಮ್ಮೆ ಈಕಿ ತಾನ ಬಿಟ್ಟು ಹೋದ್ರ ಪಾಡ ಆಗ್ತೈತಿ ಅನಿಸ್ತಿತ್ತು.

ಅಷ್ಟರಾಗ ಪೇಶಂಟ್ ಬಂದ್ಳು. ಖರೇ ಪೇಶಂಟ್.

ಹಟ್ಟಿ ಗಣಿಯಾಗ ಕೆಳಗಿಳದು ದುಡಿಯೋ ವೆಂಕೋಬ ಅನ್ನಾಂವನ ಮಗಳು, ಹೆಸರು ಗ್ಯಾನಮ್ಮ. ಅಜ್ಜಿ ಹೆಸರಿಟ್ಟಿದ್ರು, ಮನ್ಯಾಗ ಗ್ಯಾನಿ ಅಂತಿದ್ರು. ಮೂರನೇ ಕ್ಲಾಸ್ ಓದ್ತಿದ್ಳು. ನಾಕು ಹೆಜ್ಜಿ ಓಡಿದ್ರ ಕುಂತು ತೇಕ್ತಿದ್ಳು. ಲಿಂಗಸುಗೂರಿನ ಡಾಕ್ಟರೊಬ್ರು ಎದಿಗೆ ನಳಿಗಿ ಹಚ್ಚಿ ಕೇಳಿ, ಗುಂಡಿಗ್ಯಾಗ ತೂತು ಐತಿ ಅಂದಿದ್ರು. ಹೈದರಾಬಾದಿನ ಡಾಕ್ಟರ್ ಸಾಹೇಬ್ರು ನೋಡಿ ಹೌದಂದ್ರು. "ಈ ಮಳಿಗಾಲ ಮುಗಿಯೂತನ ಕಾಯಬಹುದು. ಆಮ್ಯಾಲೆ ತಡ ಆದ್ರ ಪುಪ್ಪುಸ ಕೆಡ್ತಾವು. ಆವಾಗ ತೂತು ಮುಚ್ಚಾಕೂ ಬರಂಗಿಲ್ಲ, ಯಾರ ಕೈಲೆನೂ ಆಗಂಗಿಲ್ಲ," ಅಂತ ವೆಂಕೋಬನ ಮಾರಿ ನೋಡಿ ಹೇಳಿದ್ರು. ನಮ್ಮ ಸಾವ್ಕಾರ ಅಲ್ಲೇ ಎದ್ದು ನಿಂತು, "ಒಂದ್ರೂಪಾಯಿ ಬ್ಯಾಡ. ಮೊದಲ್ನೇ ಆಪರೇಶನ್ ಈ ಕೂಸಿಂದ," ಅಂದುಬಿಟ್ಟ. ಯುಗಾದಿ ಆದ ಮ್ಯಾಲಿನ ಸೋಮವಾರ ಅಂತ ದಿನಾನೂ ಗೊತ್ತು ಮಾಡಿದ. ಮಂತ್ರಿಗೋಳನ್ನ ಕರೀತೀನಂತ ಕಾರ್ಡ್ ಹೊಡಸಿದ. ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರಂತ!

ಅದಕ್ಕೂ ಮೊದಲ ಡಾಕ್ಟರ್ ಸಾಹೇಬ್ರು ಗಿರಿಯಮ್ಮನ ಪರೀಕ್ಷಾ ಮಾಡಾಕ ಗೋದಾಮಿಗೆ ಬಂದ್ರು. ಬಕೀಟಪ್ಪನ ಮುಂದ ನಿಂತು, "ಈಗ ಮಟ್ಟ ಇಳಸ್ತೀನಿ, ಏನ್ ಮಾಡ್ತಿ ನೋಡೂಣು," ಅಂತ ಹೇಳಿ ನಳಿಗಿ ಹಿಚುಕಿದ್ರು. ಗಿರಿಯಮ್ಮ ಬರೋಬ್ಬರಿ ಇಳಿಸಿದ್ಳು, ಚಿಮಟಾ ಹಾಕಿದ್ಳು. ಮುಂದಾಗಿ ಹೇಳಿದ್ರ ಯಾರರ ಮಾಡ್ತಾರ! ಸಾಹೇಬ್ರು ಖುಷಿ ಆಗಿ ನನ್ನ ಕಡೆ ತಿರುಗಿ, "ಏನಂತೀರಿ ಸಿಸ್ಟರ್?" ಅಂದ್ರು.

"ಹೇಳಿದ್ರ ಮಾಡ್ತಾಳ್ರಿ," ಅಂದೆ.

ಅವರು ಅದನ್ನ ಹೌದು ಅಂತ ಕೇಳಿದ್ರು. ನಾ ಮತ್ತ ಬಾಯಿ ತಗೀಲಿಲ್ಲ. ಮಸ್ಕಿ ಬಸ್ಸಿಗೆ ಹೊತ್ತಾಗಿತ್ತು, ಮೊಣಕಾಲು ಸಿಡೀತಿದ್ವು, ಮುಗದ್ರ ಸಾಕಾಗಿತ್ತು.

ಗಿರಿಯಮ್ಮ ನನ್ನ ಹಿಂದನ ಬಸ್ ಸ್ಟ್ಯಾಂಡಿಗೆ ಬಂದ್ಳು. ಕಲ್ಲಿನ ಕಟ್ಟಿ ಮ್ಯಾಲೆ ಬಾಜುಕ ಕುಂತ್ಳು.

"ಅಕ್ಕಾರ, ಒಂದು ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ."

"ನಾ ಸಿಟ್ಟಾಗಲಾರದ ಯಾವಾಗ ಇದ್ದೀನಬೇ? ಕೇಳು."

"ಗ್ಯಾನಿ ನಿಮ್ಮ ಮಗಳಾಗಿದ್ರ ನನ್ನ ಕೈಯಾಗ ಕೊಡ್ತಿದ್ರೇನ್ರಿ?"

ಆವಾಗನ ಮಸ್ಕಿ ಬಸ್ಸು ಬಂತು. ಮಂದಿ ಕಿಡಕ್ಯಾಗ ಟವೆಲ್ ಒಗದು ಸೀಟ್ ಹಿಡಿಯಾಕತ್ರು. ಕೊಡ್ತಿದ್ದೆ ಅಂದು ಬಸ್ಸು ಹತ್ತಿದ್ರ ಮುಗೀತಿತ್ತು. ನನಗ ಮಕ್ಕಳಿಲ್ಲ, ಆದ್ರೂ ಆ ಹುಡುಗಿ ತೇಕ್ಕೊಂತ ಕುಂಡ್ರೂದು ಕಣ್ಣಿಗೆ ಕಟ್ಟಿದಂಗಿತ್ತು.

"ಇಲ್ಲವ್ವ," ಅಂದೆ. "ಕೊಡ್ತಿದ್ದಿಲ್ಲ."

ಅಳ್ತಾಳ ಅಂದ್ಕೊಂಡಿದ್ದೆ. ಅಳಲಿಲ್ಲ. ಹೌದಂತ ತಲಿ ಹಾಕಿ, "ನನಗೂ ಹಂಗ ಅನಿಸಿತ್ರಿ," ಅಂದು ಎದ್ದು ಹೋದ್ಳು. ನನ್ನ ಸೀಟೂ ಹೋತು. ಮಸ್ಕಿ ಮುಟ್ಟೂತನ ನಿಂತು ಹೋದೆ.

ಮರುದಿನ ನಾ ಬರೂದ್ರಾಗ ದವಾಖಾನಿ ಮುಂದ ಗದ್ದಲ ಎದ್ದಿತ್ತು. ಗಿರಿಯಮ್ಮ ವೆಂಕೋಬನ್ನ ಕರಸಿ, ಸಾವ್ಕಾರನ ಎದುರಿಗೇ ಹೇಳಿಬಿಟ್ಟಿದ್ಳು. ನನಗ ಇನ್ನ ಪಂಪು ನಡಸಾಕ ಬರಂಗಿಲ್ಲ, ಮಟ್ಟ ಇಳದ್ರ ನನ್ನ ಕೈ ತಪ್ಪು ಕಡೆ ಹೋಗ್ತೈತಿ, ನಿಮ್ಮ ಮಗಳನ್ನ ಈಗ ನನ್ನ ಕೈಯಾಗ ಕೊಡಬ್ಯಾಡ್ರಿ ಅಂತ.

ಬಸವಂತರಾಯನ ಮಾರಿ ಮೆಣಸಿನಕಾಯಿ ಆಗಿತ್ತು. "ಕಾರ್ಡ್ ಹಂಚೀನಿ! ಮಂದಿ ಮುಂದ ನನ್ನ ಮರ್ಯಾದಿ ಏನಾಗಬೇಕು? ಡಾಕ್ಟರೇ ಬರೋಬ್ಬರಿ ಐತಿ ಅಂದಾರ, ನಿಂದೇನಲೇ ನಡುವ? ನಾಳಿಂದ ಕೆಲಸಕ್ಕ ಬರಬ್ಯಾಡ, ನಡಿ!"

ಗಿರಿಯಮ್ಮ ನೆಲಾ ನೋಡ್ಕೊಂತ ನಿಂತಿದ್ಳು. ಆ ಪಗಾರದ ಮ್ಯಾಲೆ ಆಕಿ ತಮ್ಮ ತಂಗೇರು ಸಾಲಿ ಓದ್ತಿದ್ರು, ಇಡೀ ಊರಿಗೆ ಗೊತ್ತಿತ್ತು. ನನಗ ಎಲ್ಲಿಲ್ಲದ ಸಿಟ್ಟು ಬಂತು. ಸಾವ್ಕಾರನ ಮ್ಯಾಲಿಂದಷ್ಟ ಅಲ್ಲ, ನಿನ್ನೆ ಸಂಜಿ ಸುಮ್ಮನಿದ್ದ ನನ್ನ ಬಾಯಿ ಮ್ಯಾಲಿಂದೂ ಸೇರಿತ್ತು.

"ಸಾವ್ಕಾರ್ರ," ಅಂದೆ, "ಮಂತ್ರಿ ಮುಂದ ಕೂಸು ಸತ್ರ ನಿಮ್ಮ ಮರ್ಯಾದಿ ಏನಾಗ್ತಿತ್ತು, ಅದನ್ನೂ ಕಾರ್ಡಿನ್ಯಾಗ ಹೊಡಸಿರೇನು? ಆಕಿ ಹೋದ್ರ ನಾನೂ ಹೋಗ್ತೀನಿ. ಮಷೀನ್ ತಗೊಂಡು ಹೋಗಿ ಮಿಲ್ಲಿನ್ಯಾಗ ಇಡ್ರಿ, ತೌಡು ಎತ್ತಾಕ ಬರ್ತೈತಿ."

ಎಲ್ಲಾರೂ ವೆಂಕೋಬನ್ನ ನೋಡಿದ್ರು. ಅವ ಕರ್ರಗ, ಗಿಡ್ಡ, ಮಾತು ಕಡಿಮಿ. ಮಗಳನ್ನ ಬಗಲಾಗ ಎತ್ಕೊಂಡಿದ್ದ. ಬಡದಾನು ಅಂತ ನನಗ ಅಂಜಿಕಿ. ಅವ ಗಿರಿಯಮ್ಮನ ಹತ್ರ ಬಂದ.

"ತಂಗಿ, ಈಕಿನ ಎತ್ಕೊಂಡು ಎಷ್ಟು ದವಾಖಾನಿ ತಿರುಗೀನಿ," ಅಂದ. "ಎಲ್ಲಾರೂ ಬರ್ತೈತಿ, ಆಗ್ತೈತಿ, ಮಾಡ್ತೀವಿ ಅಂದ್ರು. ಬರಂಗಿಲ್ಲ ಅಂದಾಕಿ ನೀ ಒಬ್ಬಾಕಿನ. ಗಣಿಯಾಗ ನಾವು ಹಿಂಗ ಹೇಳಾಂವನ ಜೋಡಿನ ಕೆಳಗಿಳಿತೀವಿ. ಎಲ್ಲಾ ಗೊತ್ತೈತಿ ಅನ್ನಾಂವನ ಜೋಡಿ ಇಳಿಯಂಗಿಲ್ಲ."

ಗಿರಿಯಮ್ಮಗ ಆವಾಗ ಅಳು ಬಂತು.

"ಮಳಿಗಾಲ ಮುಗಿಯೂತನ ಟೈಮ್ ಐತಿ ಅಂದಾರ ಡಾಕ್ಟರ್. ಕಲಿ. ಈಕಿನ ಇಲ್ಲೇ ಬಿಟ್ಟು ಹೋಗ್ತೀನಿ, ನಮ್ಮಕ್ಕ ಮುದುಕಮ್ಮನ ಮನಿ ಇದ ಊರಾಗ ಐತಿ. ದಿನಾ ನಿನ್ನ ಎದುರಿಗೆ ಕುಂಡ್ರಲಿ. ನೀ ಯಾರ ಸಲುವಾಗಿ ಕಲಿಯಾಕತ್ತಿ ಅನ್ನೂದು ಮರೀಬ್ಯಾಡ."

ಹಂಗಂದು ಮಗಳನ್ನ ಕೆಳಗಿಳಿಸಿದ. ಸಾವ್ಕಾರ ಗೊಣಗ್ಕೊಂತ ಒಳಗ ಹೋದ. ನಾಲ್ಕು ದಿನ ನನ್ನ ಜೋಡಿ ಮಾತು ಬಿಟ್ಟಿದ್ದ. ಐದನೇ ದಿನ ಅವನ ಮನಿಯಿಂದ ನಮ್ಮ ಮೂವರಿಗೂ ಊಟ ಬಂತು. ಆಮ್ಯಾಲೆ ದಿನಾ ಬಂತು.

ಗ್ಯಾನಿ ಬಂದು ಕುಂತ ಕೂಡ್ಲೆ ಎಲ್ಲಾ ಸುದ್ದ ಆತೇನು? ಎಲ್ಲಿ! ಗಿರಿಯಮ್ಮ ಇನ್ನಷ್ಟು ಹೆದರಿದ್ಳು. ಕೈ ಇನ್ನಷ್ಟು ಜಲ್ದಿ ನಾಬಿಗೆ ಹೋಗ್ತಿತ್ತು. ಬಕೀಟಪ್ಪ ಮೊದಲಿಗಿಂತ ಹೆಚ್ಚ ಸಾಯಾಕತ್ತಿದ. ಆ ಹುಡುಗಿ ಮೂಲ್ಯಾಗ ತೌಡಿನ ಚೀಲದ ಮ್ಯಾಲೆ ಕುಂತು, "ಮತ್ತ ಸತ್ನಾ?" ಅಂತ ಕೇಳ್ತಿದ್ಳು. ಬ್ಯಾಸಿಗಿ ಮುಗೀತು, ಮೊದಲ ಮಳಿ ಬಿತ್ತು, ಕಾಲುವಿಗೆ ನೀರು ಬಿಟ್ರು. ಊರ ಮಂದೆಲ್ಲಾ ನಾಟಿಗೆ ಹೋದ್ರು. ನಾವು ಮೂರು ಮಂದಿ ಬಣ್ಣದ ನೀರಿನ ಮುಂದ. ಗ್ಯಾನಿ ತುಟಿ ಸಂಜಿಕ ಬಿಳಚ್ಕೊಂತ ಹೋಗೂದು ನನಗೂ ಕಾಣ್ತಿತ್ತು, ಗಿರಿಯಮ್ಮಗೂ ಕಾಣ್ತಿತ್ತು.

ಒಂದು ಮಧ್ಯಾಹ್ನ ಬಕೀಟಿನ ಮುಚ್ಚಳದ ತೂತು ಸೀಳಿ ಹೋಗೂ ನಳಿಗಿ ಕಿತ್ತು ಬಂತು. ಬ್ಯಾರೆ ಮುಚ್ಚಳ ತರಾಕ ಬಜಾರಿಗೆ ಹೋಗಬೇಕು. ನನಗ ಏಳಾಕ ಆಗವಲ್ದು.

"ನಾ ಹಿಡ್ಕೊಳ್ಳಲೇನ್ರಿ ಅಜ್ಜಿ?" ಅಂದ್ಳು ಗ್ಯಾನಿ.

ಅಜ್ಜಿ ಅಂತ! ಹಿಡ್ಕೊ ಹೋಗು ಅಂದೆ. ಆಕಿ ಬಕೀಟಿನ ಮ್ಯಾಲೆ ಎರಡೂ ಕೈ ಬೊಗಸಿ ಮಾಡಿ ಚಾಚಿ ನಳಿಗಿ ತುದಿ ಹಿಡ್ಕೊಂಡ್ಳು. ಗಿರಿಯಮ್ಮ ಪಂಪು ಚಾಲೂ ಮಾಡಿದ್ಳು. ಕೆಂಪ ನೀರು ಆಕಿ ಬೊಗಸ್ಯಾಗ ತುಂಬಿ, ಬೆರಳಿನ ಸಂದ್ಯಾಗ ಸೋರಿ ಬಕೀಟಿಗೆ ಬೀಳಾಕತ್ತಿತು. ತಂಪು ಹತ್ತಿ ನಗಾಕತ್ತಿದ್ಳು. ನಾ ರೂಢಿ ಬಿದ್ದಂಗ ಹಿಂದಿಂದ ಬರೂ ನಳಿಗಿ ಹಿಚುಕಿದೆ. ಮಟ್ಟ ಇಳೀತು. ಗಿರಿಯಮ್ಮ ಏರಿಸಿದ್ಳು. ನೀರು ಮುಗದು ಗಾಳಿ ಬುಸ್ ಅಂತ ಆ ಹುಡುಗಿ ಬೊಗಸ್ಯಾಗ ಬಂತು, ಮಾರಿ ತುಂಬ ಕೆಂಪ ಹನಿ ಸಿಡದ್ವು.

"ಗಾಳಿ ಬಂತಕ್ಕಾ!" ಅಂತ ಗ್ಯಾನಿ ಕಿಲಕಿಲ ನಕ್ಕಳು. "ಈಗ ನಾ ಸತ್ನೇನು?"

ಗಿರಿಯಮ್ಮ ಪಂಪು ಬಂದ್ ಮಾಡಿದ್ಳು. ಆಕಿ ಮಾರಿ ನೋಡಾಕ ನನಗ ಆಗಲಿಲ್ಲ. ಓಡಿ ಹೋಗಿ ಸೆರಗಿಲೆ ಹುಡುಗಿ ಮಾರಿ ವರಿಸಿದ್ಳು, ವರಿಸಿದ್ದ ವರಿಸಿದ್ಳು, ಬಣ್ಣ ಹೋದಮ್ಯಾಲೂ ಬಿಡಲಿಲ್ಲ. ಆಮ್ಯಾಲೆ ವಾಪಸ್ ಬಂದು ನಿಂತು, "ಇನ್ನೊಮ್ಮೆ ಹಿಚುಕ್ರಿ ಅಕ್ಕಾರ," ಅಂದ್ಳು.

ಆ ಸಲ ಆಕಿ ಕೈ ನಾಬಿಗೆ ಹೋತು, ಅರೆಗಳಿಗಿ ನಿಂತಿತು, ಇಳಿಸಿತು. ಚಿಮಟಾ ಬಿತ್ತು. ಗ್ಯಾನಿ ಬೊಗಸ್ಯಾಗ ಗಾಳಿ ಬರಲಿಲ್ಲ. "ಬರಲಿಲ್ಲಲ್ಲ!" ಅಂತ ಹುಡುಗಿಗೆ ಬೇಜಾರ.

ಅವತ್ತಿಂದ ಬಕೀಟಪ್ಪಗ ಮುಚ್ಚಳ ಹಾಕಲಿಲ್ಲ. ಹುಡುಗಿನ ನಳಿಗಿ ಹಿಡ್ಕೊಂತಿದ್ಳು. ಊಟ ಮಾಡುಮುಂದ, ಮಾತಾಡುಮುಂದ, ಕರೆಂಟ್ ಹೋದಾಗ, ಗಿರಿಯಮ್ಮನ ಅವ್ವ ಗಂಡು ನೋಡಾಕ ಬರ್ತಾರಂತ ಹೇಳಿ ಕಳಿಸಿದಾಗ, ಯಾವಾಗ ಬೇಕಾವಾಗ ಹಿಚುಕಿದೆ. ಒಮ್ಮೆರ ಏರಸ್ತಾಳೇನಂತ ಕಾದೆ. ಏರಸಲಿಲ್ಲ. ಭತ್ತ ಹೊಡಿ ಒಡಿಯೋ ಹೊತ್ತಿಗೆ ನಾನ ಡಾಕ್ಟರ್ ಸಾಹೇಬ್ರಿಗೆ ಫೋನ್ ಹಚ್ಚಿಸಿ, "ಈಗ ಬರ್ರಿ," ಅಂದೆ. ಸಾವ್ಕಾರ ಈ ಸಲ ಕಾರ್ಡ್ ಹೊಡಸಲಿಲ್ಲ.

ಆಪರೇಶನ್ ದಿನ ಮುಂಜಾಲೆ ವೆಂಕೋಬ ರಾತ್ರಿ ಪಾಳಿ ಮುಗಿಸಿ ಹಂಗ ಬಂದಿದ್ದ, ಕಿವಿ ಸಂದ್ಯಾಗ ಇನ್ನ ಗಣಿ ಧೂಳಿತ್ತು. ಗಿರಿಯಮ್ಮಗ ಕೈ ಮುಗದ. ಈಕಿನೂ ಮುಗದ್ಳು.

ಒಳಗ ಗಿರಿಯಮ್ಮ ಪಂಪಿನ ಮುಂದ ನಿಂತ್ಳು, ನಾ ಆಕಿ ಬೆನ್ನ ಹಿಂದ ಸ್ಟೂಲ್ ಹಾಕ್ಕೊಂಡು ಕುಂತೆ. ನನ್ನ ಕೈಲೆ ಏನೂ ಆಗಂಗಿದ್ದಿಲ್ಲ, ಕಣ್ಣಷ್ಟ ಇದ್ವು. ಓಕುಳಿ ನೀರಿಗೂ ರಕ್ತಕ್ಕೂ ಭಾಳ ಫರಕ್ ಐತಿ. ರಕ್ತಕ್ಕ ವಾಸನಿ ಇರ್ತೈತಿ, ಕಾವು ಇರ್ತೈತಿ. ಪಂಪು ಚಾಲೂ ಆತು. ಆಮ್ಯಾಲೆ ಗುಂಡಿಗಿ ನಿಲ್ಲಿಸಿದ್ರು. ಡಾಕ್ಟರ್ ಸಾಹೇಬ್ರು ತೂತಿಗೆ ತೇಪಿ ಹಚ್ಚಾಕತ್ತಿದ್ರು. ನಡುವ ಅವರ ಕೈ ತಾಗಿ ಬರೂ ನಳಿಗಿ ಮಡಚಿತೋ ಏನೋ, ಡಬ್ಬ್ಯಾಗ ಮಟ್ಟ ಸರ್ರನೆ ಇಳೀತು. ನಾ ಬಾಯಿ ತಗಿಯೂದ್ರಾಗ ಗಿರಿಯಮ್ಮ ಇಳಿಸಿದ್ಳು, ಚಿಮಟಾ ಹಾಕಿದ್ಳು, "ಸಾಹೇಬ್ರ, ನೀರು ಬರವಲ್ದು!" ಅಂತ ಒದರಿದ್ಳು. ನೀರು ಅಂದಿದ್ದಕ್ಕ ಯಾರೂ ನಗಲಿಲ್ಲ. ಸಾಹೇಬ್ರು ನಳಿಗಿ ಸುದ್ದ ಮಾಡಿದ್ರು, ಮಟ್ಟ ಏರಿತು, ಆಕಿ ಚಿಮಟಾ ತಗದು ಮೆಲ್ಲಕ ಪಂಪು ಏರಿಸಿದ್ಳು. ನಾ ಗ್ವಾಡಿಗೆ ತಲಿ ಆನಿಸಿ ಉಸಿರು ಬಿಟ್ಟೆ. ಶಿವನೇ, ಮುಗೀತಪ್ಪ ಅಂದ್ಕೊಂಡೆ.

ಮುಗಿದಿದ್ದಿಲ್ಲ.

ತೇಪಿ ಹಚ್ಚಿ ಆತು. ಗುಂಡಿಗಿ ಒಂದೆರಡು ಸಲ ಅದುರಿ, ತಡವರಿಸಿ, ಆಮ್ಯಾಲೆ ತಾನ ಬಡ್ಕೊಳ್ಳಾಕ ಹತ್ತಿತು. ಸಾಹೇಬ್ರು ಅದನ್ನ ನೋಡ್ಕೊಂತ, "ಪಂಪು ಕಡಿಮಿ ಮಾಡು," ಅಂದ್ರು. ಗಿರಿಯಮ್ಮ ಮಾಡಿದ್ಳು. "ಇನ್ನ ಕಡಿಮಿ." ಮಾಡಿದ್ಳು. "ನಿಲ್ಲಿಸು."

ಗಿರಿಯಮ್ಮ ನಿಲ್ಲಿಸಲಿಲ್ಲ.

"ನಿಲ್ಲಿಸು ಅಂದೆ!"

ಆಕಿ ಕೈ ನಾಬಿನ ಮ್ಯಾಲೆ ಬಿಗಿ ಹಿಡದಿತ್ತು. ಮತ್ತ ಹಳೇ ಚಾಳಿ ಬಂತೇನಂತ ಎದ್ದು ಬೈಯಾಕ ಹೋದೆ. ಮಾಸ್ಕಿನ ಮ್ಯಾಲೆ ಆಕಿ ಕಣ್ಣು ನೋಡಿದೆ. ನೀರು ಸುರಿಯಾಕತ್ತಿತ್ತು.

"ಅಕ್ಕಾರ, ನಾ ನಿಲ್ಲಿಸಿದ್ರ ಆಕಿ ಸಾಯ್ತಾಳ್ರಿ," ಅಂತ ಪಿಸುಗುಟ್ಟಿದ್ಳು.

ಆವಾಗ ತಿಳೀತು ನನಗ. ಬಾಯಿಲೆ ನೂರು ಸಲ ಹೇಳಿದ್ದೆ, ಕಡೀಗೆ ಪಂಪು ನಿಲ್ಲಿಸಬೇಕು ಅಂತ. ಕೈಲೆ ಒಮ್ಮೆನೂ ಮಾಡಿಸಿದ್ದಿಲ್ಲ. ಹೆಂಗ ಮಾಡಸ್ಲಿ? ಬಕೀಟಿಗೆ ಗುಂಡಿಗಿ ಇರಂಗಿಲ್ಲ. ಪಂಪು ನಿಂತ್ರ ಬಕೀಟು ಸತ್ತಂಗ. ಅದಕ್ಕ ಇಳಿಸಿ, ತುಂಬಿಸಿ, ಮತ್ತ ಚಾಲೂ ಮಾಡೂದಷ್ಟ ಕಲಿಸಿದ್ದೆ. ಸಂಜಿಕ ಬಸ್ಸಿಗೆ ಹೊತ್ತಾತಂದ್ರ ಪ್ಲಗ್ ಕಿತ್ತು ಎದ್ದು ಹೋಗ್ತಿದ್ದೆ. ನಿಲ್ಲಿಸಿ ಬಿಟ್ಟುಕೊಡೂದು ಹೆಂಗ ಅಂತ ಈ ಹುಡುಗಿಗೆ ಯಾರೂ ತೋರಿಸಿದ್ದಿಲ್ಲ.

ನನ್ನ ಕೈ ಆಕಿ ಕೈ ಮ್ಯಾಲೆ ಇಟ್ಟೆ.

"ಅಲ್ಲಿ ನೋಡವ್ವ, ಬಡ್ಕೊಳ್ಳಾಕತ್ತೈತಿ," ಅಂದೆ. ಜೀವಮಾನದಾಗ ಅಷ್ಟು ಮೆತ್ತಗ ಯಾರ ಜೋಡಿನೂ ಮಾತಾಡಿದಾಕಿ ಅಲ್ಲ ನಾ. "ಇಷ್ಟೊತ್ತು ನೀ ಹೊತ್ತಿ. ಇನ್ನ ಆಕಿ ತಾನ ಹೊತ್ಕೊಂತಾಳ. ಬಿಡು."

ಇಬ್ರೂ ಕೂಡಿ ತಿರುವಿದ್ವಿ. ಪಂಪು ನಿಂತಿತು. ಮಷೀನಿನ ಸಪ್ಪಳ ಹೋದ ಕೂಡ್ಲೆ ಆ ಖೋಲಿ ಎಷ್ಟು ಸುಮ್ಮನಾತಂದ್ರ, ಗಿರಿಯಮ್ಮ ಉಸಿರು ಹಿಡಕೊಂಡಿದ್ದು ನನಗ ತಿಳೀತು. ಪರದಿ ಮ್ಯಾಲಿನ ಹಸರ ಗೀಟು ಎದ್ದು ಬಿತ್ತು. ಮತ್ತ ಎದ್ದಿತು. ಮತ್ತ ಎದ್ದಿತು. ಸಾಹೇಬ್ರು ಕೆಳಗ ನೋಡ್ಕೊಂತನ ತಲಿ ಹಾಕಿದ್ರು.

ಗಿರಿಯಮ್ಮ ನಾಬಿನ ಮ್ಯಾಲಿಂದ ಒಂದೊಂದ ಬೆರಳು ಬಿಡಿಸಿ ಕೈ ತಗದ್ಳು.

"ನಡದೈತ್ರಿ ಅಕ್ಕಾರ," ಅಂದ್ಳು. "ನಮ್ಮನ್ನ ಬಿಟ್ಟು ನಡದೈತಿ."

"ಹೌದವ್ವ," ಅಂದೆ. "ಅದಕ್ಕ ಇಷ್ಟೆಲ್ಲಾ ಮಾಡಿದ್ದು."